ಗೇಟಿನಾಚೆಗೆ ನಡೆದುಬಂದ ವಿಷ: ಸೀಸದ ಬೆನ್ನುಬಿದ್ದ ಡಾ. ಆಲಿಸ್ ಹ್ಯಾಮಿಲ್ಟನ್

ಪೆಟ್ರೋಲ್ ಬಂಕುಗಳಲ್ಲಿ ಪಂಪಿನ ಮೇಲೆ ಅನ್‌ಲೆಡೆಡ್ ಅಂತ ದೊಡ್ಡದಾಗಿ ಬರೆದಿರುತ್ತಿದ್ದ ಕಾಲವೊಂದಿತ್ತು. ಸೀಸ ಬೆರೆಸಿಲ್ಲದ ಪೆಟ್ರೋಲ್ ಅಂತ ಅದರ ಅರ್ಥ. ಭಾರತದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ಕೊನೆಗೊಂಡದ್ದು 2000ದಲ್ಲಿ. ಅಂದ್ರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಹಲವರು ಹುಟ್ಟುವ ಹೊತ್ತಿಗೆ ವಾಹನಗಳ ಹೊಗೆಯಲ್ಲಿ ಸೀಸ ಇತ್ತು, ನಿಮ್ಮ ಅಪ್ಪ ಅಮ್ಮ ಆಡಿ ಬೆಳೆದ ರಸ್ತೆಯ ಧೂಳಿನಲ್ಲೂ ಇತ್ತು. ಇದನ್ನು ಒಮ್ಮೆ ರಸ್ತೆಗೆ ಬಿಟ್ಟರೆ ಯಾರ ಕೈಯಲ್ಲೂ ಹಿಡಿದಿಡಲು ಆಗುವುದಿಲ್ಲ ಅಂತ ಅದಕ್ಕೂ 75 ವರ್ಷ ಮೊದಲೇ, 1925ರಲ್ಲಿ, ಒಬ್ಬ ಡಾಕ್ಟರಮ್ಮ ಸರ್ಕಾರ ಕರೆದ ಸಭೆಯಲ್ಲೇ ಎಚ್ಚರಿಸಿದ್ದರು.

ಅವರ ಹೆಸರು ಆಲಿಸ್ ಹ್ಯಾಮಿಲ್ಟನ್. ಅಮೆರಿಕದವರು. ಅವತ್ತು ಅವರ ಮಾತು ನಡೆಯಲಿಲ್ಲ. ಯಾಕೆ ನಡೆಯಲಿಲ್ಲ ಅನ್ನೋದು ಅವರ ಬದುಕನ್ನು ನೋಡಿದರೆ ಗೊತ್ತಾಗುತ್ತೆ. ಅದು ನಮ್ಮ ಇವತ್ತಿನ ಪ್ರಶ್ನೆಯೂ ಹೌದು.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಪೆನ್ಸಿಲ್ಲಿನ ಕಡ್ಡಿಯನ್ನೂ ನಾವು ಸೀಸ ಅಂತೀವಿ. ಅದು ಗ್ರಾಫೈಟ್, ಅದರಿಂದ ಈ ತೊಂದರೆ ಇಲ್ಲ. ಇಲ್ಲಿ ಮಾತಾಡುತ್ತಿರುವುದು ವಾಹನದ ಬ್ಯಾಟರಿಯೊಳಗಿನ, ಹಳೆಯ ಬಣ್ಣದೊಳಗಿನ ಭಾರವಾದ ಲೋಹದ ಬಗ್ಗೆ. ದೇಹ ಇದನ್ನು ಕ್ಯಾಲ್ಸಿಯಂ ಅಂತ ತಪ್ಪಾಗಿ ತಿಳಿದು ಎಲುಬು, ಹಲ್ಲುಗಳಲ್ಲಿ ಕೂಡಿಡುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ದೇಹಕ್ಕೆ ಸೇರುವ ಪಾಲಿಗಿಂತ ನಾಲ್ಕೈದು ಪಟ್ಟು ಹೆಚ್ಚು ಪಾಲು ಪುಟ್ಟ ಮಕ್ಕಳ ದೇಹಕ್ಕೆ ಸೇರಬಹುದು. ಕಬ್ಬಿಣಾಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮಗುವಿನಲ್ಲಿ ಇನ್ನೂ ಹೆಚ್ಚು. ಗರ್ಭಿಣಿಯ ರಕ್ತದಿಂದ ಹೊಟ್ಟೆಯೊಳಗಿನ ಕೂಸಿಗೂ ಅದು ದಾಟುತ್ತದೆ. ಬೆಳೆಯುತ್ತಿರುವ ಮಿದುಳಿಗೆ ಅದು ಮಾಡುವ ಹಾನಿಯನ್ನು ಆಮೇಲೆ ಸರಿಪಡಿಸುವುದು ಕಷ್ಟ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟ ಯಾವುದೂ ಇದುವರೆಗೆ ಕಂಡುಬಂದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಹಲ್ ಹೌಸ್‌ನ ಮಹಡಿಯಿಂದ ಕಂಡ ಲೋಕ

ಆಲಿಸ್ ಹುಟ್ಟಿದ್ದು 1869ರ ಫೆಬ್ರವರಿ 27ರಂದು, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಟ್ಟಣದಲ್ಲಿ. ಅನುಕೂಲಸ್ಥ ಮನೆತನ. ಮಕ್ಕಳಿಗೆ ಮನೆಯಲ್ಲೇ ಪಾಠ. ಅವರ ಅಕ್ಕ ಎಡಿತ್ ಹ್ಯಾಮಿಲ್ಟನ್ ಮುಂದೆ ಪ್ರಾಚೀನ ಗ್ರೀಕ್ ಸಾಹಿತ್ಯದ ಬರಹಗಳಿಂದ ಹೆಸರಾದರು. ಅಪ್ಪನ ದಿನಸಿ ಸಗಟು ವ್ಯಾಪಾರ ಮುಳುಗಿದ ಮೇಲೆ ಹೆಣ್ಣುಮಕ್ಕಳು ತಮ್ಮ ಕಾಲ ಮೇಲೆ ತಾವೇ ನಿಲ್ಲಬೇಕಾಯಿತು. ಆಲಿಸ್ ವೈದ್ಯಕೀಯ ಆರಿಸಿಕೊಂಡರು. ಡಾಕ್ಟರಾದರೆ ಎಲ್ಲಿ ಹೋದರೂ ಯಾರಿಗಾದರೂ ಉಪಯೋಗಕ್ಕೆ ಬರಬಹುದು ಅನ್ನೋದು ಅವರ ಲೆಕ್ಕ. 1893ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರ್ ಪದವಿ ಬಂತು. ಹೆಚ್ಚಿನ ಓದಿಗೆ ಜರ್ಮನಿಗೆ ಹೋದಾಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಯಾರ ಕಣ್ಣಿಗೂ ಬೀಳದ ಹಾಗೆ ಕೂತು ಪಾಠ ಕೇಳಬಹುದು ಅನ್ನುವ ಷರತ್ತಿನ ಮೇಲೆ ಒಳಗೆ ಬಿಟ್ಟರು.

1897ರಲ್ಲಿ ಶಿಕಾಗೋದ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅವರು ವಾಸಕ್ಕೆ ಹೋದದ್ದು ಜೇನ್ ಆಡಮ್ಸ್ ಕಟ್ಟಿದ ಹಲ್ ಹೌಸ್‌ಗೆ. ಇಟಲಿ, ಪೋಲೆಂಡ್, ಗ್ರೀಸ್, ರಷ್ಯಾದಿಂದ ಹೊಟ್ಟೆಪಾಡಿಗೆ ಬಂದವರು ಕಿಕ್ಕಿರಿದಿದ್ದ ಬಡಾವಣೆ ಅದು. ಓದಿದ ಹೆಣ್ಣುಮಕ್ಕಳು ಅಲ್ಲೇ ನೆಲೆಸಿ, ಬಡವರ ನೆರೆಹೊರೆಯವರಾಗಿ ಬದುಕುತ್ತಿದ್ದರು. ಆಲಿಸ್ 22 ವರ್ಷ ಅಲ್ಲಿದ್ದರು. ಕೂಸುಗಳಿಗೆ ಸ್ನಾನ ಮಾಡಿಸಿ, ತೂಕ ನೋಡಿ, ತಾಯಂದಿರಿಗೆ ಸಲಹೆ ಕೊಡುವ ಚಿಕ್ಕ ಕ್ಲಿನಿಕ್ ತೆರೆದರು. ನೆರೆಮನೆಯ ಗಂಡಸರು ಕಾರ್ಖಾನೆಗೆ ಗಟ್ಟಿಮುಟ್ಟಾಗಿ ಹೋಗಿ ಕೆಲವೇ ತಿಂಗಳಲ್ಲಿ ಸೊರಗಿ ಬರುವುದನ್ನು ಕಂಡದ್ದೂ ಇಲ್ಲೇ.

ಇಲ್ಲೇ ಅವರೊಂದು ತಪ್ಪನ್ನೂ ಮಾಡಿದರು. 1902ರಲ್ಲಿ ಬಡಾವಣೆಯಲ್ಲಿ ಟೈಫಾಯ್ಡ್ ಹರಡಿತು. ತೆರೆದ ಪಾಯಿಖಾನೆಗಳಿಂದ ನೊಣಗಳು ರೋಗ ತರುತ್ತಿವೆ ಅಂತ ಆಲಿಸ್ ತರ್ಕಿಸಿದರು, ನೊಣ ಹಿಡಿದು ಪರೀಕ್ಷೆ ಮಾಡಿ ವರದಿ ಬರೆದರು. ವರದಿ ದೊಡ್ಡ ಸುದ್ದಿಯಾಯಿತು, ಅವರಿಗೆ ಹೆಸರೂ ಬಂತು. ಆಮೇಲೆ ತಿಳಿದದ್ದೇ ಬೇರೆ. ನೀರು ಪಂಪ್ ಮಾಡುವ ಕೇಂದ್ರದಲ್ಲಿ ಒಡಕು ಬಂದು, ಕುಡಿಯುವ ನೀರಿನ ಕೊಳವೆಗೆ ಚರಂಡಿ ನೀರು ಸೇರಿತ್ತು. ಆರೋಗ್ಯ ಇಲಾಖೆ ಅದನ್ನು ಮುಚ್ಚಿಟ್ಟಿತ್ತು. ತನ್ನ ನೊಣದ ಕಥೆ ಅಧಿಕಾರಿಗಳನ್ನು ಬಚಾವ್ ಮಾಡಿತು ಅನ್ನೋ ನಾಚಿಕೆಯನ್ನು ಅವರು ಮರೆಯಲಿಲ್ಲ, ಆತ್ಮಕಥೆಯಲ್ಲಿ ತಾವೇ ಬರೆದುಕೊಂಡರು. ಬಡವರ ಕೊಳಕನ್ನು ಬೈಯುವುದು ಸುಲಭ, ಅವರ ಬಾಯಿಗೆ ವಿಷ ಹಾಕಿದವರು ಯಾರು ಅಂತ ಕೇಳುವುದು ಕಷ್ಟ. ಮುಂದೆ ಸೀಸದ ವಿಷಯದಲ್ಲಿ ಅವರು ಕೇಳಿದ್ದು ಆ ಕಷ್ಟದ ಪ್ರಶ್ನೆಯನ್ನೇ.

ಕಡತದಲ್ಲಿ ಇಲ್ಲದ್ದನ್ನು ಮನೆಬಾಗಿಲಲ್ಲಿ ಹುಡುಕಿದರು

1910ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕೆಲಸದ ಜಾಗದಲ್ಲಿ ಬರುವ ಕಾಯಿಲೆಗಳ ಸಮೀಕ್ಷೆ ಕೈಗೊಂಡಿತು. ಅದರ ಹೊಣೆ ಆಲಿಸ್ ಮೇಲೆ ಬಿತ್ತು. ಅಮೆರಿಕದ ಕಾರ್ಖಾನೆಗಳು ಯುರೋಪಿಗಿಂತ ಎಷ್ಟೋ ಸ್ವಚ್ಛ, ಇಲ್ಲಿ ಅಂಥ ಕಾಯಿಲೆಗಳೇ ಇಲ್ಲ ಅನ್ನೋದು ಆಗಿನ ನಂಬಿಕೆ. ಕಾನೂನು ಇರಲಿಲ್ಲ. ಕಾರ್ಖಾನೆಗೆ ನುಗ್ಗಿ ನೋಡುವ ಅಧಿಕಾರವೂ ಆಲಿಸ್‌ಗೆ ಇರಲಿಲ್ಲ. ಕೇಳಿಕೊಂಡು, ಒಪ್ಪಿಸಿ ಒಳಗೆ ಹೋಗಬೇಕಿತ್ತು.

ತಮ್ಮ ಪಾಲಿಗೆ ಅವರು ಸೀಸವನ್ನು ಆರಿಸಿಕೊಂಡರು. ಮಾಲೀಕರನ್ನು ಕೇಳಿದರೆ ಎಲ್ಲ ಚೆನ್ನಾಗಿದೆ ಅಂತಿದ್ದರು. ಕಾರ್ಮಿಕರು ಕೆಲಸ ಹೋಗುತ್ತೆ ಅಂತ ಬಾಯಿಬಿಡುತ್ತಿರಲಿಲ್ಲ. ಆಲಿಸ್ ಆಸ್ಪತ್ರೆಗಳ ಕಡತ ತಿರುವಿದರು. ಔಷಧಿ ಅಂಗಡಿಯವರನ್ನು, ಪಾದ್ರಿಗಳನ್ನು, ಕಾರ್ಮಿಕ ಸಂಘದವರನ್ನು ಮಾತಾಡಿಸಿದರು. ಕಾರ್ಮಿಕರ ಮನೆಗೇ ಹೋಗಿ ಅಡುಗೆಮನೆಯಲ್ಲಿ ಕೂತು ಹೆಂಡತಿಯರ ಹತ್ತಿರ ವಿಚಾರಿಸಿದರು. ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಚ್ಚುತ್ತಿದ್ದ ಒಬ್ಬ ಪೋಲಿಷ್ ಕಾರ್ಮಿಕನ ದಾಖಲೆ ಆಸ್ಪತ್ರೆಯೊಂದರಲ್ಲಿ ಸಿಕ್ಕಿತು. ಹೊಟ್ಟೆ ಹಿಂಡುವ ನೋವು, ಎತ್ತಲಾಗದೆ ಜೋತುಬಿದ್ದ ಮಣಿಕಟ್ಟು. ಎರಡೂ ಸೀಸದ ಗುರುತು. ಆದರೆ ಕಾರ್ಖಾನೆಯಲ್ಲಿ ಅವರಿಗೆ ತೋರಿಸಿದ ಕೋಣೆಯಲ್ಲಿ ಸೀಸವೇ ಇರಲಿಲ್ಲ. ಆ ಕಾರ್ಮಿಕನ ಮನೆ ಹುಡುಕಿಕೊಂಡು ಹೋದಾಗ ನಿಜ ತಿಳಿಯಿತು. ಎನಾಮಲ್ ಪುಡಿ ಉದುರಿಸುವ ಕೆಲಸ ನಡೆಯುತ್ತಿದ್ದದ್ದು ಬೇರೆ ಕಡೆ, ಅದನ್ನು ಅವರಿಗೆ ತೋರಿಸಿರಲೇ ಇಲ್ಲ.

ಹೀಗೆ ಸುತ್ತಾಡಿ, ಸೀಸದ ವಿಷ ತಗಲುವ 70ಕ್ಕೂ ಹೆಚ್ಚು ಬಗೆಯ ಕೆಲಸಗಳನ್ನು ಅವರ ತಂಡ ಪತ್ತೆಮಾಡಿತು. ಕಾರ್ಮಿಕರು ಕೈ ತೊಳೆಯದೆ ಊಟ ಮಾಡುವುದೇ ಕಾಯಿಲೆಗೆ ಕಾರಣ ಅಂತ ಮಾಲೀಕರು ಹೇಳಿಕೊಂಡು ಬಂದಿದ್ದರು. ಉಸಿರಾಡುವ ಧೂಳು ಮತ್ತು ಹೊಗೆಯೇ ಮುಖ್ಯ ಕಾರಣ ಅಂತ ಆಲಿಸ್ ತೋರಿಸಿಕೊಟ್ಟರು. ಅಂದ್ರೆ ಹೊಣೆ ಕಾರ್ಮಿಕನ ಉಗುರಿನಿಂದ ಮಾಲೀಕನ ಗಾಳಿಕಿಂಡಿಗೆ ಬಂತು. 1911ರಲ್ಲಿ ಇಲಿನಾಯ್ ರಾಜ್ಯ ಕೆಲಸದ ಕಾಯಿಲೆಗಳ ಕಾಯ್ದೆ ತಂದಿತು. ಅದೇ ವರ್ಷದಿಂದ ಕೇಂದ್ರ ಸರ್ಕಾರದ ಕಾರ್ಮಿಕ ಇಲಾಖೆಗಾಗಿ ಇಡೀ ದೇಶ ಸುತ್ತತೊಡಗಿದರು. ತಿಂಗಳ ಸಂಬಳ ಇಲ್ಲ. ವರದಿ ಬರೆದುಕೊಟ್ಟರೆ ಅದಕ್ಕಷ್ಟೇ ಹಣ.

22 ಜನರ ಪಟ್ಟಿ

ಅವರ ಬದುಕಿನ ಒಂದು ಪ್ರಸಂಗ ಬಹಳ ಮುಖ್ಯ. ನ್ಯಾಷನಲ್ ಲೆಡ್ ಕಂಪನಿ ಆಗ ಬಿಳಿ ಸೀಸ, ಅಂದರೆ ಬಣ್ಣಕ್ಕೆ ಹಾಕುವ ಸೀಸದ ಪುಡಿ ತಯಾರಿಸುತ್ತಿದ್ದ ದೊಡ್ಡ ಹೆಸರು. ನಿಮ್ಮ ಕಾರ್ಖಾನೆಯಲ್ಲಿ ಜನ ವಿಷಕ್ಕೆ ತುತ್ತಾಗುತ್ತಿದ್ದಾರೆ ಅಂತ ಆಲಿಸ್ ಅದರ ಅಧಿಕಾರಿ ಎಡ್ವರ್ಡ್ ಕಾರ್ನಿಶ್‌ಗೆ ಹೇಳಿದರು. ಆತ ನಂಬಲಿಲ್ಲ. ಸಾಬೀತುಮಾಡಿದರೆ ಹೇಳಿದಂತೆ ಬದಲಾವಣೆ ಮಾಡುತ್ತೇನೆ ಅಂದ. ಆಲಿಸ್ 22 ಜನರ ಖಚಿತ ದಾಖಲೆ ತಂದು ಮುಂದಿಟ್ಟರು. ಕಾರ್ನಿಶ್ ಮಾತಿಗೆ ತಪ್ಪಲಿಲ್ಲ. ಧೂಳು, ಹೊಗೆ ತಡೆಯುವ ಏರ್ಪಾಡು ಮಾಡಿಸಿದ, ಕಾರ್ಮಿಕರನ್ನು ನೋಡಲು ಡಾಕ್ಟರುಗಳನ್ನು ನೇಮಿಸಿದ.

ಆಲಿಸ್ ಇದನ್ನು ದೊಡ್ಡ ಗೆಲುವು ಅಂತ ಭಾವಿಸಿದರು. ಗೆಲುವೇ ಸರಿ. ತಿಳಿಸಿ ಹೇಳಿದರೆ ಮಾಲೀಕರು ಬದಲಾಗುತ್ತಾರೆ ಅನ್ನುವ ನಂಬಿಕೆ ಅವರಲ್ಲಿ ಬಹುಕಾಲ ಇತ್ತು. ಜಗಳಕ್ಕಿಂತ ಮನವೊಲಿಕೆ ಅವರ ದಾರಿ.

ಆದರೆ ಸ್ವಲ್ಪ ಗೇಟಿನಾಚೆ ನೋಡಿ. ಒಳಗೆ ಧೂಳು ಕಡಿಮೆಯಾಯಿತು. ತಯಾರಾದ ಬಣ್ಣ ಮಾತ್ರ ಡಬ್ಬಿಗಳಲ್ಲಿ ತುಂಬಿ ಹೊರಗೆ ಹೋಗುತ್ತಲೇ ಇತ್ತು. ಅದು ಮನೆಗಳ ಗೋಡೆ, ಕಿಟಕಿ, ತೊಟ್ಟಿಲು, ಆಟಿಕೆಗಳಿಗೆ ಹತ್ತಿತು. ಸೀಸದ ಬಣ್ಣಕ್ಕೆ ಸಿಹಿ ರುಚಿ ಇದೆ. ಅಂಬೆಗಾಲಿಡುವ ಮಕ್ಕಳು ಉದುರಿದ ಚಕ್ಕೆ ಬಾಯಿಗೆ ಹಾಕಿಕೊಳ್ಳುತ್ತವೆ, ಹಲ್ಲು ಬರುವಾಗ ಕಿಟಕಿಯ ಅಂಚು ಕಚ್ಚುತ್ತವೆ, ನೆಲದ ಧೂಳು ಮೆತ್ತಿದ ಬೆರಳು ಚೀಪುತ್ತವೆ. ಇದು ಆಗಲೇ ಗೊತ್ತಿದ್ದ ಸಂಗತಿ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ 1904ರಲ್ಲೇ, ಮಕ್ಕಳಿಗೆ ವಿಷ ಬರುತ್ತಿರುವುದು ಜಗಲಿಯ ಕಟಕಟೆಗೆ ಬಳಿದ ಬಣ್ಣದಿಂದ ಅಂತ ಬರೆದಿದ್ದರು. ಕ್ವೀನ್ಸ್‌ಲ್ಯಾಂಡ್ 1922ರಲ್ಲಿ ಮಕ್ಕಳ ಕೈಗೆಟುಕುವ ಕಡೆ ಆ ಬಣ್ಣ ಬಳಿಯದಂತೆ ಕಾನೂನು ಮಾಡಿತು. 1921ರಲ್ಲಿ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಕಟ್ಟಡಗಳ ಒಳಗೋಡೆಗೆ ಬಿಳಿ ಸೀಸ ಬಳಸಬಾರದು ಅನ್ನೋ ಒಪ್ಪಂದ ತಂದಿತು. ಅಮೆರಿಕ ಅದಕ್ಕೆ ಸೇರಲಿಲ್ಲ.

ಅದೇ ಹೊತ್ತಿಗೆ, 1923ರಲ್ಲಿ, ನ್ಯಾಷನಲ್ ಲೆಡ್ ಕಂಪನಿ ತನ್ನ ಡಚ್ ಬಾಯ್ ಬಣ್ಣದ ಪ್ರಚಾರಕ್ಕೆ ಮಕ್ಕಳಿಗೆಂದೇ ಬಣ್ಣ ತುಂಬುವ ಪುಸ್ತಕ ಹೊರತಂದಿತ್ತು. 22 ಕಾರ್ಮಿಕರ ಪಟ್ಟಿಗೆ ತಲೆಬಾಗಿದ ಕಂಪನಿಯೇ ಇದು. ಕಾರ್ಮಿಕನಿಗೆ ಆಸ್ಪತ್ರೆಯಲ್ಲಿ ಒಂದು ದಾಖಲೆ ಇತ್ತು, ಅದನ್ನು ಹುಡುಕಿ ತರುವ ಆಲಿಸ್ ಇದ್ದರು. ತೊಟ್ಟಿಲಿನ ಕೂಸಿಗೆ ಹಾಜರಿ ಪುಸ್ತಕ ಇಲ್ಲ, ಸಂಘ ಇಲ್ಲ.

1925ರ ಮೇ 20

1919ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಆಲಿಸ್ ಅವರನ್ನು ಸಹಾಯಕ ಪ್ರಾಧ್ಯಾಪಕಿಯಾಗಿ ನೇಮಿಸಿತು. ಹಾರ್ವರ್ಡ್‌ನ ಬೋಧಕವರ್ಗದಲ್ಲಿ ಅವರೇ ಮೊದಲ ಮಹಿಳೆ. ಆ ವಿಷಯ ಬಲ್ಲವರು ದೇಶದಲ್ಲಿ ಬೇರೆ ಯಾರೂ ಇರದ ಕಾರಣಕ್ಕೆ ಕರೆಯಲೇಬೇಕಾಯಿತು ಅನ್ನಿ. ಅದಕ್ಕೂ ಮೂರು ಷರತ್ತು. ಅಧ್ಯಾಪಕರ ಕ್ಲಬ್ಬಿಗೆ ಕಾಲಿಡಬಾರದು, ಫುಟ್‌ಬಾಲ್ ಟಿಕೆಟ್ ಕೇಳಬಾರದು, ಘಟಿಕೋತ್ಸವದ ವೇದಿಕೆ ಹತ್ತಬಾರದು. 1935ರಲ್ಲಿ ನಿವೃತ್ತರಾಗುವ ತನಕ ಬಡ್ತಿಯನ್ನೂ ಕೊಡಲಿಲ್ಲ.

ಈ ಮಧ್ಯೆ ಸೀಸ ಹೊಸ ವೇಷದಲ್ಲಿ ಬಂತು. 1921ರಲ್ಲಿ ಜನರಲ್ ಮೋಟರ್ಸ್‌ನ ಎಂಜಿನಿಯರ್ ಥಾಮಸ್ ಮಿಡ್ಗ್ಲಿ, ಟೆಟ್ರಾಈಥೈಲ್ ಲೆಡ್ ಅನ್ನುವ ದ್ರವವನ್ನು ಪೆಟ್ರೋಲಿಗೆ ಬೆರೆಸಿದರೆ ಎಂಜಿನ್ ಬಡಿದುಕೊಳ್ಳುವುದು ನಿಲ್ಲುತ್ತದೆ ಅಂತ ಕಂಡುಹಿಡಿದ. 1923ರಲ್ಲಿ ಮಾರಾಟ ಶುರುವಾಯಿತು. ಡಬ್ಬಿಯ ಮೇಲೆ ಸೀಸ ಅನ್ನುವ ಹೆಸರಿಲ್ಲ, ಬರೀ ಈಥೈಲ್. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಘಟಕದಲ್ಲಿ ಅದನ್ನು ತಯಾರಿಸುತ್ತಿದ್ದ ಕಾರ್ಮಿಕರಿಗೆ ಬುದ್ಧಿಭ್ರಮೆ ಹಿಡಿಯಿತು. ಐದು ಮಂದಿ ಸತ್ತರು, 30ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಪತ್ರಿಕೆಗಳು ಅದನ್ನು ಹುಚ್ಚು ಹಿಡಿಸುವ ಗ್ಯಾಸ್ ಅಂತ ಕರೆದವು. ಕೆಲವು ನಗರಗಳು ನಿಷೇಧಿಸಿದವು.

ಗದ್ದಲ ಜೋರಾದಾಗ ಸರ್ಕಾರ 1925ರ ಮೇ 20ರಂದು ವಾಷಿಂಗ್ಟನ್‌ನಲ್ಲಿ ಸಭೆ ಕರೆಯಿತು. ಕಂಪನಿಗಳ ಕಡೆಯ ವಾದ ಹೀಗಿತ್ತು: ದೇಶದ ಪ್ರಗತಿಗೆ ಇದು ಬೇಕೇ ಬೇಕು, ಕಾರ್ಖಾನೆಯೊಳಗಿನ ಅಪಾಯ ಸರಿಪಡಿಸುತ್ತೇವೆ, ರಸ್ತೆಯಲ್ಲಿ ಯಾರಿಗೂ ತೊಂದರೆಯಾದ ಪುರಾವೆ ಇಲ್ಲ. ಆಲಿಸ್ ಹದಿನೈದು ವರ್ಷ ಕಾರ್ಖಾನೆಗಳನ್ನು ಸರಿಪಡಿಸಿದವರು. ಅವರು ಕೇಳಿದ ಪ್ರಶ್ನೆ ನೇರ. ಕಾರ್ಖಾನೆಯೊಳಗೆ ಸೀಸವನ್ನು ಹತೋಟಿಯಲ್ಲಿಡಬಹುದು ಅಂತಲೇ ಇಟ್ಟುಕೊಳ್ಳೋಣ, ಇಡೀ ದೇಶವನ್ನು ಹತೋಟಿಯಲ್ಲಿಡುವುದು ಹೇಗೆ? ಸೀಸ ಇರುವ ಕಡೆ ಇವತ್ತಲ್ಲ ನಾಳೆ ವಿಷ ತಗಲಿಯೇ ತಗಲುತ್ತದೆ ಅನ್ನೋದು ಅವರ ಅನುಭವದ ಮಾತಾಗಿತ್ತು. ಸೀಸ ಬೇಡ, ಬೇರೆ ದಾರಿ ಹುಡುಕಿ ಅಂದರು. ಕಾರ್ನಿಶ್‌ನನ್ನು ಒಪ್ಪಿಸಿದ್ದ ಮನವೊಲಿಕೆ ಇಲ್ಲಿ ಸಾಕಾಗಲಿಲ್ಲ. ಕಿಟಕಿ ತೆರೆದರೆ, ಫ್ಯಾನ್ ಹಾಕಿದರೆ ಮುಗಿಯುವ ವಿಷಯ ಆಗಿರಲಿಲ್ಲ ಅದು. ಲಾಭ ಇದ್ದದ್ದೇ ಆ ವಿಷವನ್ನು ಹೊರಗೆ ಮಾರುವುದರಲ್ಲಿ.

ಸರ್ಕಾರ ಒಂದು ಸಮಿತಿ ಮಾಡಿತು. ಕೆಲವೇ ತಿಂಗಳ ಅಧ್ಯಯನ ನಡೆಸಿದ ಸಮಿತಿ, ನಿಷೇಧಿಸಲು ಸದ್ಯಕ್ಕೆ ಆಧಾರವಿಲ್ಲ, ಆದರೆ ಸರ್ಕಾರದ ಹಣದಲ್ಲಿ ಸಂಶೋಧನೆ ಮುಂದುವರಿಯಲಿ ಅಂತ 1926ರಲ್ಲಿ ವರದಿ ಕೊಟ್ಟಿತು. ಮಾರಾಟ ಮತ್ತೆ ಶುರುವಾಯಿತು. ಸರ್ಕಾರದ ಸಂಶೋಧನೆ ಮಾತ್ರ ನಡೆಯಲೇ ಇಲ್ಲ. ಮುಂದಿನ ಸುಮಾರು ನಾಲ್ಕು ದಶಕ ಈ ಸಂಶೋಧನೆಯ ಬಹುಪಾಲು ಉದ್ಯಮದ ದುಡ್ಡಿನಲ್ಲೇ, ಸಿನ್ಸಿನಾಟಿಯ ರಾಬರ್ಟ್ ಕೀಹೋ ಅವರ ಪ್ರಯೋಗಾಲಯದ ಸುತ್ತ ನಡೆಯಿತು. ಹಾನಿಯಾಗಿದೆ ಅಂತ ನೀವು ಸಾಬೀತುಮಾಡಿ, ಅಲ್ಲಿಯವರೆಗೆ ಮಾರುತ್ತೇವೆ ಅನ್ನುವುದೇ ನಿಯಮವಾಯಿತು. ನಿರಪಾಯ ಅಂತ ಸಾಬೀತುಮಾಡಬೇಕಾದವರು ಮಾರುವವರಲ್ಲವಾ? ಇಡೀ ಕಥೆ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಪುರಾವೆ ಮಕ್ಕಳ ರೂಪದಲ್ಲಿ ಬಂತು. 1943ರಲ್ಲಿ ಬಾಸ್ಟನ್ನಿನ ರ್‍ಯಾಂಡಾಲ್ಫ್ ಬೈಯರ್ಸ್ ಮತ್ತು ಎಲಿಜಬೆತ್ ಲಾರ್ಡ್, ಸೀಸದ ವಿಷದಿಂದ ಗುಣವಾಗಿ ಮನೆಗೆ ಹೋಗಿದ್ದ 20 ಮಕ್ಕಳು ಈಗ ಹೇಗಿದ್ದಾರೆ ಅಂತ ನೋಡಿದರು. ಅವರಲ್ಲಿ 19 ಮಕ್ಕಳು ಶಾಲೆಯಲ್ಲಿ ತೊಡರುತ್ತಿದ್ದರು. ಆಲಿಸ್ ತಮ್ಮ ಆತ್ಮಕಥೆ ಪ್ರಕಟಿಸಿದ್ದೂ ಅದೇ ವರ್ಷ. ಆಗ ಅವರಿಗೆ 74.

ವಯಸ್ಸು ಅವರನ್ನು ಸುಮ್ಮನಾಗಿಸಲಿಲ್ಲ. ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ, ಜೇನ್ ಆಡಮ್ಸ್ ಜೊತೆ ಹೇಗ್‌ನ ಮಹಿಳಾ ಶಾಂತಿ ಸಮ್ಮೇಳನಕ್ಕೆ ಹೋಗಿದ್ದವರು, 90 ದಾಟಿದ ಮೇಲೆ ವಿಯೆಟ್ನಾಂ ಯುದ್ಧವನ್ನೂ ವಿರೋಧಿಸಿದರು. ಎಫ್‌ಬಿಐ ಅವರ ಮೇಲೆ ಕಡತ ಇಟ್ಟಿತ್ತು. 1970ರ ಸೆಪ್ಟೆಂಬರ್ 22ರಂದು, 101ನೇ ವಯಸ್ಸಿನಲ್ಲಿ, ಕನೆಕ್ಟಿಕಟ್ ರಾಜ್ಯದ ಹ್ಯಾಡ್ಲೈಮ್‌ನ ತಮ್ಮ ಮನೆಯಲ್ಲಿ ತೀರಿಕೊಂಡರು. ಅದೇ ಡಿಸೆಂಬರಿನಲ್ಲಿ ಅಮೆರಿಕ ಕಾರ್ಮಿಕರ ಸುರಕ್ಷತೆಯ ಕಾಯ್ದೆಯನ್ನೂ ಹೊಸ ಶುದ್ಧ ಗಾಳಿ ಕಾಯ್ದೆಯನ್ನೂ ತಂದಿತು. 1971ರ ಜನವರಿಯಲ್ಲಿ ಸೀಸದ ಬಣ್ಣದ ವಿಷ ತಡೆಯುವ ಕಾಯ್ದೆ ಬಂತು. ಮನೆಬಳಕೆಯ ಬಣ್ಣದಲ್ಲಿ ಸೀಸದ ನಿಷೇಧ 1978ರಲ್ಲಿ, ವಾಹನಗಳ ಪೆಟ್ರೋಲಿನಲ್ಲಿ 1996ರಲ್ಲಿ. 1970ರ ದಶಕದ ಕೊನೆಯಲ್ಲಿ ಅಲ್ಲಿನ ಐದು ವರ್ಷದೊಳಗಿನ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ ಸರಾಸರಿ ಸುಮಾರು 15 ಮೈಕ್ರೋಗ್ರಾಂ ಸೀಸ ಇತ್ತು. ಈಗ ಒಂದಕ್ಕಿಂತ ಕಡಿಮೆ. ಇಷ್ಟು ಇಳಿಸಿದ್ದು ಯಾವ ಮಾತ್ರೆಯೂ ಅಲ್ಲ, ಕಾನೂನು.

ನಮ್ಮ ಗೇಟಿನಾಚೆ

ಈಗ ನಮ್ಮ ಕಡೆ ಬರೋಣ. ಬೆಂಗಳೂರಿನ ಜಾರ್ಜ್ ಫೌಂಡೇಶನ್ 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿದಂತೆ ದೇಶದ ಹಲವು ನಗರಗಳಲ್ಲಿ 20,000ಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಸೀಸ 10 ಮೈಕ್ರೋಗ್ರಾಂ ದಾಟಿತ್ತು. ಆಮೇಲೆ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಅನ್ನುವ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಾಯಿತು. ಇಷ್ಟಾದರೂ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ 2020ರ ವರದಿಯ ಅಂದಾಜಿನಲ್ಲಿ, ರಕ್ತದಲ್ಲಿ 5 ಮೈಕ್ರೋಗ್ರಾಂಗಿಂತ ಹೆಚ್ಚು ಸೀಸ ಇರುವ ಜಗತ್ತಿನ ಸುಮಾರು 80 ಕೋಟಿ ಮಕ್ಕಳಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ಭಾರತದವರು.

ಎಲ್ಲಿಂದ ಬರುತ್ತಿದೆ? ಹಳೆ ಬ್ಯಾಟರಿ ಒಡೆದು ಬಯಲಲ್ಲೇ ಸೀಸ ಕರಗಿಸುವ ಲೈಸೆನ್ಸ್ ಇಲ್ಲದ ಭಟ್ಟಿಗಳಿಂದ, ಹಳೆಯ ಗೋಡೆಯ ಬಣ್ಣದಿಂದ, ಬಣ್ಣ ಬರಲೆಂದು ಲೆಡ್ ಕ್ರೋಮೇಟ್ ಬೆರೆಸಿದ ಅರಿಶಿನದಿಂದ, ಕೆಲವು ಬಗೆಯ ಕಾಡಿಗೆ, ಸುರ್ಮಾದಿಂದ. ಭಟ್ಟಿಯಲ್ಲಿ ದುಡಿದ ಅಪ್ಪನ ಬಟ್ಟೆಯ ಧೂಳಿನ ಜೊತೆ ಅದು ಮನೆಯೊಳಗೂ ಬರುತ್ತದೆ. ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪ ಇದೆ. ಹಳೆ ಬಣ್ಣವನ್ನು ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸಬೇಡಿ, ಆ ಕೆಲಸ ನಡೆಯುವಾಗ ಮಕ್ಕಳು, ಗರ್ಭಿಣಿಯರು ಅಲ್ಲಿರಬಾರದು. ನೆಲ, ಕಿಟಕಿಯ ಅಂಚನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಗುವಿನ ಕೈ ತೊಳೆಸಿ, ರಕ್ತಹೀನತೆ ಇದ್ದರೆ ಚಿಕಿತ್ಸೆ ಕೊಡಿಸಿ. ಅನುಮಾನ ಇದ್ದರೆ ರಕ್ತ ಪರೀಕ್ಷೆಯ ಬಗ್ಗೆ ಡಾಕ್ಟರನ್ನು ಕೇಳಿ.

ಆದರೆ ಎಲ್ಲವನ್ನೂ ತಾಯಿಯ ಒರೆಸುವ ಬಟ್ಟೆಗೆ ಬಿಟ್ಟರೆ, ಕಾರ್ಮಿಕನ ಉಗುರನ್ನು ಬೈದ ಮಾಲೀಕರಿಗೂ ನಮಗೂ ವ್ಯತ್ಯಾಸ ಉಳಿಯಲ್ಲ. 2025ರ ತನಕ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯಲ್ಲಿ, ಕಂಡಕೂಡಲೇ ಸರ್ಕಾರಕ್ಕೆ ತಿಳಿಸಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಮೊದಲ ಹೆಸರೇ ಸೀಸದ ವಿಷವಾಗಿತ್ತು. ಗೇಟಿನೊಳಗಿನ ಗಂಡಾಳನ್ನು ಕಾನೂನು ಕಾಗದದ ಮೇಲಾದರೂ ಲೆಕ್ಕಕ್ಕೆ ತಂದುಕೊಂಡಿತು. ಗೇಟಿನಾಚೆಯ ಮಗು ಇನ್ನೂ ಲೆಕ್ಕದಲ್ಲಿಲ್ಲ. ಅಂಗನವಾಡಿಯಲ್ಲಿ ತೂಕ ನೋಡುತ್ತೇವೆ, ಎತ್ತರ ಅಳೆಯುತ್ತೇವೆ, ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡುವ ವಾಡಿಕೆ ಇಲ್ಲ. ನೋಡದಿದ್ದರೆ ಪುರಾವೆ ಇಲ್ಲ, ಪುರಾವೆ ಇಲ್ಲದಿದ್ದರೆ ಕ್ರಮ ಇಲ್ಲ. 1925ರಲ್ಲಿ ನಡೆದ ವಾದವೂ ಇದೇ ಅಲ್ವಾ?

ಸಾಧ್ಯವಿಲ್ಲದ್ದೇನೂ ಅಲ್ಲ ಇದು. ಪಕ್ಕದ ಬಾಂಗ್ಲಾದೇಶದಲ್ಲಿ 2019ರಲ್ಲಿ ಮಾರುಕಟ್ಟೆಯ ಅರಿಶಿನದ 47 ಶೇಕಡಾ ಮಾದರಿಗಳಲ್ಲಿ ಸೀಸ ಇತ್ತು. ಪರೀಕ್ಷೆ, ದಂಡ, ಪ್ರಚಾರ ಒಟ್ಟಿಗೆ ನಡೆದವು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ನಮ್ಮ ನಗರಸಭೆ, ಮಾಲಿನ್ಯ ನಿಯಂತ್ರಣ ಮಂಡಳಿ, ಆರೋಗ್ಯ ಇಲಾಖೆಗಳನ್ನು ಕೇಳಬೇಕಾದದ್ದು ಇಷ್ಟು: ನಮ್ಮ ವಾರ್ಡಿನಲ್ಲಿ ಬ್ಯಾಟರಿ ಭಟ್ಟಿಗಳು ಎಷ್ಟಿವೆ, ಅಂಗಡಿಯ ಬಣ್ಣ, ಅರಿಶಿನವನ್ನು ಕೊನೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ, ಎಷ್ಟು ಮಕ್ಕಳ ರಕ್ತ ನೋಡಿದ್ದೀರಿ? ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿದರೂ ಶುರುವಾಗುತ್ತೆ. ಅಧಿಕಾರ ಇಲ್ಲದೆ, ಸಂಬಳ ಇಲ್ಲದೆ ಆಲಿಸ್ ಹ್ಯಾಮಿಲ್ಟನ್ ಶುರು ಮಾಡಿದ್ದೂ ಹೀಗೇ. ಮನೆಮನೆಗೆ ಹೋಗಿ, ಒಂದೊಂದೇ ಹೆಸರು ಬರೆದುಕೊಂಡು, 22 ಜನರ ಪಟ್ಟಿಯೊಂದಿಗೆ.